ಬಾಣ ತಾಗಿದ ಎಮ್ಮೆ

ಶ್ರೇಣಿಕನ ಎಮ್ಮೆ ಸತ್ತದ್ದು ಶುಕ್ರವಾರ ರಾತ್ರಿ, ಟಿವಿಯಲ್ಲಿ, ಇಡೀ ನೂಲ ಊರಿನ ಕಣ್ಣೆದುರಿಗೆ.

ಅದೊಂದು ಮರಾಠಿ ಐತಿಹಾಸಿಕ ಧಾರಾವಾಹಿ. ಕೋಟೆಗೆ ಮುತ್ತಿಗೆ ಹಾಕಿದ ವೈರಿ ಸೈನಿಕರು ತಪ್ಪಲಿನ ಹಳ್ಳಿಯೊಳಗೆ ನುಗ್ಗಿದರು. ಒಬ್ಬ ಬಿಲ್ಲು ಬಾಗಿಸಿದ. ಬಡ ಮುದುಕಿಯೊಬ್ಬಳ ಎಮ್ಮೆಯ ಪಕ್ಕೆಗೆ ಬಾಣ ಬಂದು ನೆಟ್ಟಿತು. ಎಮ್ಮೆ ಮೊದಲು ಮುಂಗಾಲು ಮಡಚಿತು, ಆಮೇಲೆ ಹಿಂಗಾಲು, ಆಮೇಲೆ ಹಳೇ ಗೋಡೆ ಕುಸಿದಂತೆ ಮಗ್ಗುಲಾಯಿತು. ಮುದುಕಿ ಅದರ ಕೊರಳು ತಬ್ಬಿಕೊಂಡು ಜಾಹೀರಾತು ಬರುವ ತನಕ ಅತ್ತಳು. ಬೆನ್ನಿನವರೆಗೆ ಬಾಗಿದ ಕತ್ತಿಯಂಥ ಕೋಡು, ಹಣೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ. ಆ ಎಮ್ಮೆ ಯಾರದೆಂದು ಓಣಿಯ ಸಣ್ಣ ಕೂಸಿಗೂ ಗೊತ್ತಿತ್ತು.

"ರೀ, ನಮ್ಮ ಚಂದ್ರಿನ್ನ ಕೊಂದ್ರಲ್ರೀ!" ಎಂದು ಹೆಂಡತಿ ಮಂಗಲ ಎದೆ ಹಿಡಿದುಕೊಂಡಳು.

ಶ್ರೇಣಿಕ ನಕ್ಕ. ನಗಲು ಕಾರಣವಿತ್ತು. ಚಿತ್ರೀಕರಣದ ಮಂದಿ ಆ ಸಂಜೆಯೇ ಚಂದ್ರಿಯನ್ನು ಟೆಂಪೋದಲ್ಲಿ ತಂದು ಮನೆಗೆ ಮುಟ್ಟಿಸಿ ಹೋಗಿದ್ದರು. ಕರೆಂಟು ಹೋಗಿದ್ದ ಹೊತ್ತಿನಲ್ಲಿ ಅವನೇ ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿದ್ದ.

"ಹುಚ್ಚಿ, ಅದೆಲ್ಲಾ ನಾಟಕ. ನಿನ್ನ ಚಂದ್ರಿ ಮೆಲಕ ಹಾಕ್ಕೋತ ಕುಂತಾಳ. ಬಾ, ತೋರಸ್ತೀನಿ," ಎಂದು ಮೊಬೈಲಿನ ದೀಪ ಹಿಡಿದು ಅವಳನ್ನು ಕೊಟ್ಟಿಗೆಗೆ ಕರೆದೊಯ್ದ. ಬೆಳಕು ಎಮ್ಮೆಯ ಮುಖದ ಮೇಲೆ ಬಿತ್ತು. ಹಣೆ ಇದ್ದಿಲಿನಂತೆ ಕರ್ರಗಿತ್ತು. ಮಚ್ಚೆ ಎಲ್ಲೂ ಇರಲಿಲ್ಲ.

ಶ್ರೇಣಿಕನ ನಗು ಹಲ್ಲಿನ ಮೇಲೇ ಒಣಗಿತು.

ತಪ್ಪು ಅವನದೇ. ಆ ಧಾರಾವಾಹಿಗೆ ಬೇಕಾದ ಸಾಮಾನು ಹೊಂದಿಸುವ ವೈಭವ ಎಂಬಾತ ಉದ್ದ ಕೋಡಿನ ಎಮ್ಮೆ ಹುಡುಕಿಕೊಂಡು ಊರಿಗೆ ಬಂದಿದ್ದ. "ಇಂಥಾ ಕೋಡ ಇಡೀ ಜಿಲ್ಲಾದಾಗ ನೋಡಿಲ್ರೀ," ಎಂದು ಅವನು ಅಂದದ್ದೇ ತಡ, ಶ್ರೇಣಿಕ ತನ್ನ ಮೀಸೆಯನ್ನೇ ಹೊಗಳಿದಂತೆ ಹಿಗ್ಗಿ ಹೂಂ ಅಂದುಬಿಟ್ಟ. ಮಂಗಲ ಬೇಡವೆಂದಿದ್ದಳು. ಮೂಕ ಪ್ರಾಣಿ, ಗೊತ್ತಿಲ್ಲದ ಮಂದಿ, ಏನು ಮಾಡುತ್ತಾರೋ ಏನೋ ಎಂದಿದ್ದಳು. "ಯಾವ ಪ್ರಾಣಿಗೂ ತ್ರಾಸ ಕೊಟ್ಟಿಲ್ಲ ಅಂತ ಮೊದಲ ಬರದ ತೋರಸ್ತಾರ," ಎಂದು ಅವನೇ ಸಮಾಧಾನ ಹೇಳಿದ್ದ.

ಮರುದಿನ ಮುಂಜಾನೆ ಅದೇ ಮಾತನ್ನು ಅವನು ಪಕ್ಕದ ಮನೆಯ ಭಾವುಸಾಹೇಬರ ಮುಂದೆ ಹೇಳಿ ನೋಡಿದ. ಭಾವುಸಾಹೇಬರು ಊರ ಡೇರಿಯಲ್ಲಿ ಹಾಲು ಅಳೆದು ನಿವೃತ್ತರಾದವರು. ಅಳೆಯಲು ಹಾಲಿಲ್ಲದ ಮೇಲೆ ನೆರೆಹೊರೆಯವರ ಸಂಸಾರ ಅಳೆಯುತ್ತಿದ್ದರು.

"ಬರದ ತೋರಸ್ತಾರ, ಹೌದು. ಆದ್ರ ಏನೂ ಮಾಡದಾಂವ ಯಾಕ ಬರೀತಾನ?" ಎಂದರು ಭಾವುಸಾಹೇಬರು. "ನಮ್ಮ ಮನಿ ಬಾಗಿಲಕ್ಕ 'ಇಲ್ಲಿ ಯಾರೂ ಕಳವು ಮಾಡಿಲ್ಲ' ಅಂತ ಬರದೇವೇನು?"

ಕೊಟ್ಟಿಗೆಯ ತುಂಬ ಮಂದಿ ಸೇರಿತ್ತು. ಎಲ್ಲರೂ ಎಮ್ಮೆಯನ್ನು ಹೆಣ್ಣು ನೋಡಲು ಬಂದ ಬೀಗರ ಹಾಗೆ ಸುತ್ತುಗಟ್ಟಿ ನೋಡಿದರು. ಮಂಗಲ ಜೋಳದ ಒಣ ಕಣಿಕೆ ಹಾಕಿದಳು. ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಹಾಲು ಹಿಂಡಲು ಕೂತಳು. ಚರಿಗೆ ಹಾರಿ ಭಾವುಸಾಹೇಬರ ಮೊಣಕಾಲಿಗೆ ಬಡಿಯಿತು.

"ಚಂದ್ರಿ ಒದಿಯೂ ಎಮ್ಮಿ ಅಲ್ಲಾ," ಎಂದರು ಅವರು ಮೊಣಕಾಲು ತಿಕ್ಕುತ್ತ. "ಶ್ರೇಣಿಕಾ, ನಿನ್ನ ಎಮ್ಮಿ ಹೋತು. ಬಾಣಾ ಹೊಡದು ಕೊಂದು, ಯಾವುದೋ ಬಿಡಾಡಿ ಎಮ್ಮಿ ತಂದ ಕಟ್ಟಿ ಹೋಗ್ಯಾರ."

"ಕಾಕಾ, ಕೋಡ ನೋಡ್ರಿ, ನಮ್ಮ ಚಂದ್ರಿದ ಕೋಡ ಇದ್ದಂಗ ಅದಾವ."

"ಕೋಡ ನೋಡಿ ನೀ ಮೋಸ ಹೋಗ್ಲಿ ಅಂತನ ಅಂಥಾದ ಹುಡುಕಿ ತಂದಾರ!"

ಮಂಗಲ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಸ್ತಿಯೊಳಗ ಜಿನದೇವರ ಮುಂದ ಯಾವ ಮಾರಿ ತಗೊಂಡ ನಿಂದರ್ಲಿ? ಇರಿವಿ ತುಳಿದ್ರ ಪಾಪ ಅನ್ನೂ ಮನಿತಾನ ನಮ್ದು. ನೀವು ಎಮ್ಮಿನ ಕಳಿಸಿ ಕೊಲ್ಲಿಸಿದ್ರಿ. ಚಂದ್ರಿ ಇದ್ರ ಕರ್ಕೊಂಡ ಬರ್ರಿ. ಇಲ್ಲಾ ಅಂದ್ರ ಈ ಮನ್ಯಾಗ ಒಲಿ ಹತ್ತಂಗಿಲ್ಲ."

ವೈಭವನ ಫೋನು ಸ್ವಿಚ್ ಆಫ್ ಆಗಿತ್ತು. ಅದು ಎಲ್ಲರ ಸಂಶಯಕ್ಕೆ ಮೊಹರು ಒತ್ತಿದಂತಾಯಿತು. ಶ್ರೇಣಿಕ ಖಾಲಿ ಹೊಟ್ಟೆಯಲ್ಲೇ ಚಿತ್ರೀಕರಣದ ಜಾಗಕ್ಕೆ ಟೆಂಪೋ ಗೊತ್ತುಮಾಡಿ ಎಮ್ಮೆಯನ್ನು ಏರಿಸಿದ. ಭಾವುಸಾಹೇಬರು ಯಾರೂ ಕರೆಯದೆಯೇ ಮುಂದಿನ ಸೀಟಿನಲ್ಲಿ ಕೂತಿದ್ದರು. "ನೀ ಸಾದಾ ಮನಷ್ಯಾ. ನಿನ್ನೊಬ್ಬನ್ನ ಕಳಿಸಿದ್ರ ಅವರು ಹಂದಿ ಕೊಟ್ಟ ಕಳಸ್ತಾರ," ಎಂದರು.

ಸಂಕೇಶ್ವರ, ನಿಪ್ಪಾಣಿ ದಾಟಿ ಗಡಿಯ ತಪಾಸಣೆ ನಾಕೆಗೆ ಬಂದಾಗ ಪೊಲೀಸನೊಬ್ಬ ಕೈ ಅಡ್ಡ ಹಿಡಿದ. ಹಿಂದೆ ಹೋಗಿ ನೋಡಿ ಬಂದು, ಎಮ್ಮೆ ಎಲ್ಲಿಗೆ ಎಂದು ಕೇಳಿದ.

"ವಾಪಸ್ ಕೊಡಾಕ ಹೊಂಟೇವ್ರಿ. ಇದು ನಮ್ದಲ್ಲ," ಎಂದ ಶ್ರೇಣಿಕ.

"ನಿಮ್ದಲ್ಲಾ? ಮತ್ತ ಕಳವಿಂದೇನು?"

ಭಾವುಸಾಹೇಬರು ಕಿಟಕಿಯಿಂದ ತಲೆ ಹಾಕಿದರು. "ಹಂಗಲ್ರೀ ಸಾಹೇಬ್ರ. ನಮ್ಮ ಎಮ್ಮಿ ನಿನ್ನೆ ರಾತ್ರಿ ಸತ್ತೈತ್ರಿ."

"ಸತ್ತೈತಿ? ಮತ್ತ ಹಿಂದ ನಿಂತದ್ದೇನು?"

"ಅದು ಸತ್ತಿಲ್ರಿ. ಅದು ಸತ್ತದ್ದರ ಬದ್ಲಿ ಬಂದದ್ದು."

ಪೊಲೀಸನ ಕಣ್ಣು ಸಣ್ಣಗಾಯಿತು. ಶ್ರೇಣಿಕನನ್ನು ಕೆಳಗಿಳಿಸಿ ಹೆಸರು ಕೇಳಿದ. ಹೆಸರು ಕೇಳಿದ ಮೇಲಂತೂ, "ಜೈನರೇನು? ನೀವೂ ಕಟಗರಿಗೆ ದನಾ ಸಾಗಸೂ ದಂಧೆಕ್ಕ ಇಳದ್ರೇನು?" ಎಂದು ಹೌಹಾರಿದ. ಶ್ರೇಣಿಕನಿಗೆ ನೆಲ ಬಾಯಿ ತೆರೆದರೆ ಟೆಂಪೋ ಸಮೇತ ಒಳಗೆ ಹೋಗಬಹುದಿತ್ತು ಅನ್ನಿಸಿತು. ಹಿಂದೆ ನಿಂತ ಲಾರಿಗಳು ಹಾರ್ನು ಬಾರಿಸತೊಡಗಿದವು. ಕೊನೆಗೆ ಅವನು ಅಳುವ ದನಿಯಲ್ಲಿ ಮೊದಲಿನಿಂದ ಎಲ್ಲವನ್ನೂ ಹೇಳಿದ. ಧಾರಾವಾಹಿಯ ಹೆಸರು ಬಂದ ಕೂಡಲೇ ಪೊಲೀಸನ ಮುಖ ಬದಲಾಯಿತು.

"ಆ ಮುದುಕಿ ಎಮ್ಮಿ ನಿಮ್ದೇನು? ನಮ್ಮ ಮನ್ಯಾಗ ನಮ್ಮವ್ವ ಊಟಾ ಬಿಟ್ಟ ಎದ್ದಾಳ್ರೀ!" ಎಂದು ದಾರಿ ಬಿಟ್ಟ. ಟೆಂಪೋದ ಬೆನ್ನಿಗೆ ತಟ್ಟಿ, "ಆ ಬಾಣಾ ಬಿಟ್ಟಾಂವನ್ನ ಮಾತ್ರ ಬಿಡಬ್ಯಾಡ್ರಿ," ಎಂದು ಕೂಗಿದ.

ಕೊಲ್ಲಾಪುರದ ಹೊರಗೆ ಗುಡ್ಡದ ಮೇಲೆ ಕೋಟೆ ನಿಂತಿತ್ತು. ಮುಂದಿನಿಂದ ನೋಡಿದರೆ ನಾಲ್ಕು ನೂರು ವರ್ಷ ಹಳೆಯದು, ಹಿಂದಿನಿಂದ ನೋಡಿದರೆ ಬರೀ ಪ್ಲೈವುಡ್ಡು. ಬಾಗಿಲಲ್ಲೇ ಒಂದು ಬಕೆಟ್ಟಿನ ತುಂಬ ಕೆಂಪಗೆ ಏನೋ ಇತ್ತು. ಭಾವುಸಾಹೇಬರು ಬೆರಳದ್ದಿ ಮೇಲೆತ್ತಿದರು.

"ನೋಡೋ ಶ್ರೇಣಿಕಾ! ರಕ್ತ!"

"ಬೀಟ್ರೂಟ್ ರಸಾ ಐತ್ರಿ ಅದು," ಎಂದ ಅಲ್ಲೇ ನೆಲದ ಮೇಲೆ ಕೂತಿದ್ದ ಸೈನಿಕನೊಬ್ಬ.

ಗಡ್ಡೆ ಗೆಣಸು ಮುಟ್ಟದ ಭಾವುಸಾಹೇಬರು ರಕ್ತವಾಗಿದ್ದರೂ ಅಷ್ಟು ಜೋರಾಗಿ ಬೆರಳು ಒರೆಸಿಕೊಳ್ಳುತ್ತಿರಲಿಲ್ಲ. ಒರೆಸಿಕೊಳ್ಳುತ್ತಲೇ ಸೈನಿಕನ ಮುಖವನ್ನು ದಿಟ್ಟಿಸಿದರು. ದಪ್ಪ ಹುಬ್ಬು, ಕೆನ್ನೆಯ ಮೇಲೆ ಹುಣಸೆಹಣ್ಣಿನಂಥ ಗಾಯ. ಹಿಂದಿನ ರಾತ್ರಿ ಟಿವಿಯಲ್ಲಿ ಕಂಡ ಮುಖ!

"ನೀನ ಹೌದಲ್ಲೋ ಎಮ್ಮಿಗೆ ಬಾಣಾ ಬಿಟ್ಟಾಂವ?"

"ಹೌದ್ರೀ," ಎಂದು ಆತ ಹಿಗ್ಗಿ ಎದ್ದು ನಿಂತ. ಗುರುತು ಹಿಡಿದು ಮಾತಾಡಿಸಿದವರು ಅವನಿಗೆ ಇವರೇ ಮೊದಲು. "ನಾನ್ರೀ, ಹಣಮಪ್ಪ. ಇಚಲಕರಂಜ್ಯಾಗ ಮಗ್ಗಾ ನಡಸ್ತೀನ್ರಿ. ಮಗ್ಗಾ ಬಂದ್ ಇದ್ದಾಗ ಇಲ್ಲಿ ಸೈನಿಕ ಆಗ್ತೀನಿ. ಹ್ಯಾಂಗ ಬಿಟ್ಟಿದ್ದೆ ಬಾಣಾ?"

ಹೇಗೆ ಬಿಟ್ಟಿದ್ದ ಎಂದು ಹೇಳುವ ಬದಲು ಭಾವುಸಾಹೇಬರು ಅವನ ಕವಚ ಹಿಡಿದು ಎಳೆದರು. ಕವಚ ಪ್ಲಾಸ್ಟಿಕ್ಕಿನದು, ಚರ್ರೆಂದು ಹರಿದು ಕೈಗೆ ಬಂತು. ಹಣಮಪ್ಪ ಹಿಂದೆ ಸರಿದು ಕೋಟೆಗೆ ಆತುಕೊಂಡ. ಕೋಟೆ ಅಲುಗಾಡಿತು. ಒಳಗೆ ಗಂಭೀರ ದೃಶ್ಯವೊಂದರಲ್ಲಿ ಪ್ರತಿಜ್ಞೆ ಮಾಡುತ್ತಿದ್ದ ಸರದಾರನ ತಲೆಯ ಮೇಲೆ ಕಲ್ಲಿನ ಬುರುಜು ಬಿತ್ತು, ಬಿದ್ದು ಚೆಂಡಿನ ಹಾಗೆ ಪುಟಿದು ಹೋಯಿತು. "ಕಟ್! ಕಟ್!" ಎಂಬ ಕೂಗು ಎದ್ದಿತು. ನಾಲ್ಕೂ ಕಡೆಯಿಂದ ಜನ ಓಡಿಬಂದರು.

"ರಬ್ಬರಿನ ಬಾಣಾ ಐತ್ರೀ ಅದು! ಎಮ್ಮಿಗೆ ಕೂದಲಾ ಸೈತ ಕೊಂಕಿಲ್ಲ!" ಎಂದು ಹಣಮಪ್ಪ ಬೊಬ್ಬೆ ಹಾಕಿದ. "ಅದಕ್ಕ ನೆಳ್ಳ, ಅದಕ್ಕ ಫ್ಯಾನು, ಅದಕ್ಕ ಡಾಕ್ಟರ್‍ರು. ನಾವು ಮುಂಜಾನಿಂದ ಬಿಸಲಾಗ ಕುಂತೇವಿ, ನೀರ ಬೇಕೇನು ಅಂತ ಕೇಳಾವ್ರಿಲ್ಲ. ನಮಗೂ ಒಂದ ಬಾಲಾ ಇದ್ದಿದ್ರ ಛಲೋ ಇತ್ರಿ!"

ಗುಂಪನ್ನು ಸೀಳಿಕೊಂಡು ಕನ್ನಡಕದ ಹೆಣ್ಣುಮಗಳೊಬ್ಬಳು ಬಂದಳು. ಪ್ರಾಣಿಗಳಿಗೆ ತ್ರಾಸವಾಗದಂತೆ ನೋಡಿಕೊಳ್ಳಲು ಎರಡು ದಿನದ ಹಿಂದಷ್ಟೇ ಅಲ್ಲಿಗೆ ಬಂದಿದ್ದ ದನದ ಡಾಕ್ಟರು, ಪ್ರಿಯದರ್ಶನಿ. ಶ್ರೇಣಿಕ ಬರುವ ದಾರಿಯುದ್ದಕ್ಕೂ ಕಂಠಪಾಠ ಮಾಡಿದ್ದ ಮಾತು ಶುರುಮಾಡಿದ: "ಮೂಕ ಪ್ರಾಣಿಗೆ ನೀವು..."

ಅವಳ ಕಣ್ಣು ಅವನನ್ನು ದಾಟಿ ಟೆಂಪೋದ ಮೇಲೆ ಹೋಗಿತ್ತು.

"ಈ ಎಮ್ಮಿ ತಂದಾವ್ರು ಯಾರ್ರೀ?"

"ನಾನ್ರೀ."

"ಕೆಳಗ ಹುಲ್ಲ ಹಾಸಿಲ್ಲ. ಮ್ಯಾಲ ನೆಳ್ಳಿಲ್ಲ. ಹಗ್ಗಾ ಎಷ್ಟ ಗಿಡ್ಡ ಕಟ್ಟೀರಿ, ಅದಕ್ಕ ಕುತಗಿ ಹೊಳ್ಳಸಾಕೂ ಬರವಲ್ದು. ಎಷ್ಟೊತ್ತಾತು ನೀರ ಕುಡಿಸಿ?"

ನೀರು ಶ್ರೇಣಿಕನೂ ಕುಡಿದಿರಲಿಲ್ಲ, ಎಮ್ಮೆಗೂ ಕುಡಿಸಿರಲಿಲ್ಲ.

"ನೋಡಾಕ ಸಜ್ಜನರ ಗತೆ ಕಾಣ್ತೀರಿ. ಇದಕ್ಕ ಹಿಂಸಾ ಅಂತಾರ್ರೀ! ಕಂಪ್ಲೇಂಟ್ ಬರದ್ರ ಮುಗೀತು ನಿಮ್ಮ ಕತಿ."

"ನಾ ಆವಾಗ ಹೇಳಿದ್ದೆ ನೋಡವಾ, ಹುಲ್ಲ ಹಾಸ್ಕೊ ಅಂತ," ಎಂದು ಭಾವುಸಾಹೇಬರು ನಯವಾಗಿ ಅವಳ ಪಕ್ಕಕ್ಕೆ ಸರಿದು ನಿಂತರು. ಅವರು ಹಾಗೆ ಹೇಳಿರಲೇ ಇಲ್ಲ.

ಎಮ್ಮೆಯನ್ನು ಇಳಿಸಿದರು. ಅದು ತನ್ನ ಮನೆಗೆ ಬಂದಂತೆ ನೆಟ್ಟಗೆ ಹೋಗಿ ಬೆಲ್ಲ ಕಲೆಸಿದ ಹಿಂಡಿಯ ಬುಟ್ಟಿಗೆ ಬಾಯಿ ಹಾಕಿತು. "ನೋಡಿದ್ಯಾ? ಇಲ್ಲೀದ ಎಮ್ಮಿ ಇದು. ಜಾಗಾ ಗುರ್ತ ಹಿಡೀತು," ಎಂದು ಭಾವುಸಾಹೇಬರು ಶ್ರೇಣಿಕನ ಕಿವಿಯಲ್ಲಿ ಪಿಸುಗುಟ್ಟಿದರು.

ಶ್ರೇಣಿಕ ಎದೆ ಗಟ್ಟಿಮಾಡಿಕೊಂಡು ಕೇಳಿದ: "ಡಾಕ್ಟರಬಾಯಿ, ನಿಮ್ಮ ಕಾಲ ಬೀಳ್ತೀನಿ, ಒಂದ ಮಾತ ಖರೆ ಹೇಳ್ರಿ. ಬಾಣ ತಾಗಿದ ಎಮ್ಮಿ ಬದುಕೇತೋ ಸತ್ತೈತೋ?"

"ಸಾಯಾಕ ಏನಾಗೇತಿ ಅದಕ್ಕ? ಅಲ್ಲಿ ಫ್ಯಾನಿನ ಮುಂದ ಮಲಗೇತಿ ನೋಡ್ರಿ."

ಕೋಟೆಯ ಹಿಂದಿನ ಶೆಡ್ಡಿನಲ್ಲಿ ಎಮ್ಮೆ ಮಲಗಿತ್ತು. ಬೆನ್ನಿಗೆ ಬಾಗಿದ ಕೋಡು. ಹಣೆಯ ಮೇಲೆ ಅಂಗೈಯಗಲದ ಬಿಳಿ ಮಚ್ಚೆ.

"ಚಂದ್ರೀ!" ಎಂದು ಶ್ರೇಣಿಕ ಓಡಿದ. ಎಮ್ಮೆ ಹೊರಳಿ ನೋಡಿತು. ಅವನು ಅದರ ಕೊರಳು ತಬ್ಬಿಕೊಂಡು ಅಳತೊಡಗಿದ. ಹಿಂದಿನ ರಾತ್ರಿಯ ಮುದುಕಿಗಿಂತ ಇವನೇ ಚೆನ್ನಾಗಿ ಅತ್ತನೆಂದು ಹಣಮಪ್ಪ ಆಮೇಲೆ ಹತ್ತಾರು ಜನರಿಗೆ ಹೇಳಿದನಂತೆ.

ಅಷ್ಟರಲ್ಲಿ ವೈಭವ ಎರಡೂ ಕಿವಿಗೆ ಎರಡು ಫೋನು ಹಿಡಿದು ಬಂದ. ಬುರುಜು ಬಿದ್ದು ಸರದಾರ ಸಿಟ್ಟಾಗಿ ವ್ಯಾನಿನಲ್ಲಿ ಬಾಗಿಲು ಹಾಕಿಕೊಂಡಿದ್ದ. ವೈಭವನಿಗೆ ಈ ಇಬ್ಬರು ಅಲ್ಲಿಂದ ಹೋದರೆ ಸಾಕಾಗಿತ್ತು. ಎಮ್ಮೆ ಬದಲಾಗಿದೆ ಎಂದು ಶ್ರೇಣಿಕ ಹೇಳಿದಾಗ, "ಕಳಸೂ ಮುಂದ ಅದಲಾಬದಲಿ ಆಗಿರಬೇಕ್ರಿ. ಮೇಕಪ್ ಮಾಡಾವ್ರಿಗೆ ಗೊತ್ತಿರತೈತಿ, ಅವರು ಇವತ್ತ ಬಂದಿಲ್ಲ. ನಿಮ್ದ ಅಂತೀರಲ್ಲಾ, ತಗೊಂಡ ಹೋಗ್ರಿ. ಅದನ್ನ ಇಲ್ಲೇ ಬಿಟ್ಟ ಹೋಗ್ರಿ," ಎಂದು ಕೈಮುಗಿದ.

ಪ್ರಿಯದರ್ಶನಿ ಮುಂದೆ ನಿಂತು ಟೆಂಪೋದಲ್ಲಿ ಹುಲ್ಲು ಹಾಸಿಸಿದಳು, ನೆರಳು ಕಟ್ಟಿಸಿದಳು. ಹುಲ್ಲು ಹಾಸಿದ್ದು ಶ್ರೇಣಿಕ. ಅಲ್ಲಿ ಊಟಕ್ಕೆ ಕರೆದರು. ಪಲ್ಯದಲ್ಲಿ ಆಲೂಗಡ್ಡೆ, ಸಾರಿನಲ್ಲಿ ಉಳ್ಳಾಗಡ್ಡಿ. ಅವನು ಮಜ್ಜಿಗೆಯನ್ನಷ್ಟೇ ಕುಡಿದು ಹೊರಟ.

ನೂಲ ಮುಟ್ಟುವಾಗ ಹೊತ್ತು ಮುಳುಗುತ್ತಿತ್ತು. ಓಣಿಯ ಬಾಯಲ್ಲೇ ಜನ ಕೂಡಿತ್ತು. ಮಂಗಲ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಎಮ್ಮೆ ಟೆಂಪೋದಿಂದ ಇಳಿದು ಅವಳ ಕೈ ನೆಕ್ಕಿತು, ಕೊಟ್ಟಿಗೆಗೆ ಹೋಗಿ ಒಣ ಕಣಿಕೆಯನ್ನು ಹಬ್ಬದೂಟದ ಹಾಗೆ ತಿಂದಿತು. ಹಾಲು ಹಿಂಡಲು ಕೂತರೆ ಅಲುಗಾಡಲಿಲ್ಲ. ಚರಿಗೆ ತುಂಬಿತು, ತಂಬಿಗೆ ತುಂಬಿತು, ಪಕ್ಕದ ಮನೆಯಿಂದ ಪಾತ್ರೆ ತರಿಸಬೇಕಾಯಿತು.

"ನನ್ನ ನೋಡಿ ಖುಷಿ ಆಗೇತ್ರಿ ಚಂದ್ರಿಗೆ," ಎಂದಳು ಮಂಗಲ. "ಹಿಂದ ಒಮ್ಮಿನೂ ಇಷ್ಟ ಹಾಲ ಕೊಟ್ಟಿಲ್ಲ." ಮನೆಯಲ್ಲಿ ಒಲೆ ಹೊತ್ತಿತು. ಆದರೆ ಬೇಳೆ ಬೇಯುವಷ್ಟರಲ್ಲಿ ಹೊತ್ತು ಮುಳುಗಿತು, ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಉಣ್ಣುವುದಿಲ್ಲ. ಆದರೂ ಶ್ರೇಣಿಕನ ಹೊಟ್ಟೆ ತಣ್ಣಗಿತ್ತು. ಚಂದ್ರಿ ಬದುಕಿದ್ದಳು. ಅವನ ಕೈಗೆ ಪಾಪ ಅಂಟಿರಲಿಲ್ಲ.

ಆಗ ಹೊರಗೆ ಇನ್ನೊಂದು ಟೆಂಪೋ ಬಂದು ನಿಂತಿತು.

ಇಳಿದವನು ಕೆಂಪು ರುಮಾಲಿನ, ದಪ್ಪ ಮೀಸೆಯ ಆಳು. "ಶ್ರೇಣಿಕ ಪಾಟೀಲರ ಮನಿ ಇದೇನ್ರಿ? ನಾ ಧೋಂಡಿಬಾ. ಕೊಲ್ಲಾಪುರದಾಗ ಕಟ್ಟೀಮ್ಯಾಲ ಎಮ್ಮಿ ನಿಲ್ಲಿಸಿ, ಗಿರಾಕಿ ಮುಂದನ ಹಾಲ ಹಿಂಡಿ ಮಾರ್ತೀನಿ. ನನ್ನ ಎಮ್ಮಿ ನಿಮ್ಮ ಹತ್ರ ಬಂದೈತಿ. ನಿಮ್ದ ತಂದೀನಿ." ಟೆಂಪೋದೊಳಗೆ ಮುಂಜಾನೆಯ ಕರಿ ಹಣೆಯ ಎಮ್ಮೆ ನಿಂತಿತ್ತು.

"ಅದು ನಮ್ದಲ್ರೀ," ಎಂದ ಶ್ರೇಣಿಕ.

"ಪಾವಣ್ಯಾರ, ಅದು ನಿಮ್ದ. ಮೇಕಪ್‌ನಾಂವ ಫೋನಿನಾಗ ಎಲ್ಲಾ ಹೇಳಿದಾ. ನಿಮ್ಮ ಎಮ್ಮಿ ಏನ ಮಾಡಿದ್ರೂ ನೆಲಕ್ಕ ಬೀಳಲಿಲ್ಲಂತ. ಜುಲ್ಮಿ ಮಾಡಂಗಿಲ್ಲಂತ ಕಾಯದೇ ಐತಿ. ನನ್ನ ಎಮ್ಮಿ ಹೊಟ್ಟಿ ತುರಿಸಿದ್ರ ಸಾಕು, ಮಲಗತೈತಿ. ಅದಕ್ಕ ಅದನ್ನ ಒಯ್ದ, ಹಣಿಗೆ ಬಿಳೀ ಬಣ್ಣಾ ಹಚ್ಚಿ, ಚಂದ್ರಿ ಅಂತ ಕರದು ಸಾಯಿಸಿದ್ರು. ನಿಮ್ಮ ಎಮ್ಮಿನ್ನ ಮುಂದಿನ ವಾರದ ಕತಿಗೆ ಗೌಡರ ಎಮ್ಮಿ ಮಾಡಬೇಕಿತ್ತು. ಅದರ ಮಚ್ಚಿಗೆ ಕೂದಲಕ್ಕ ಹಚ್ಚೂ ಕರೀ ಬಣ್ಣಾ ಹಚ್ಚ್ಯಾರ, ತೊಳದ್ರ ಹೋಗಂಗಿಲ್ಲ. ಕಾಲ ಹಿಡದ ಬೀಳಸಾಕ ಹೋಗಿ ಒದಿಯೂದ ಕಲಿಸ್ಯಾರ, ಬೆಲ್ಲದ ಹಿಂಡಿ ತಿನಿಸಿ ತಿನಿಸಿ ಅದರ ನಾಲಿಗಿನೂ ಕೆಡಿಸ್ಯಾರ."

ಮುಂಜಾನೆ ಶ್ರೇಣಿಕ ತನ್ನದೇ ಎಮ್ಮೆಯನ್ನು ಬಿಸಿಲಲ್ಲಿ ಒಯ್ದು, ಬಿಟ್ಟು, ಬೇರೆಯವರದನ್ನು ತಬ್ಬಿಕೊಂಡು ಅತ್ತು ತಂದಿದ್ದ! ಕೊಟ್ಟಿಗೆಗೆ ಓಡಿ ಒದ್ದೆ ಟವೆಲಿನಿಂದ ಎಮ್ಮೆಯ ಹಣೆ ತಿಕ್ಕಿದ. ಬಿಳಿ ಬಣ್ಣ ಟವೆಲಿಗೆ ಬಂತು. ಹಣೆ ಕರ್ರಗಾಯಿತು.

"ನೋಡು ಮಂಗಲಾ! ಧೋಂಡಿಬಾ ಹೇಳಿದ್ದ ಖರೆ. ಇಕಿ ನಮ್ಮ ಚಂದ್ರಿ ಅಲ್ಲ. ಹೊರಗ ನಿಂತಾಕಿ ಚಂದ್ರಿ."

ಮಂಗಲ ಕರಿ ಹಣೆಯನ್ನು ನೋಡಿದಳು. ತುಂಬಿದ ಪಾತ್ರೆಗಳನ್ನು ನೋಡಿದಳು. ಹೊರಗೆ ನಿಂತ ಒದೆಯುವ ಎಮ್ಮೆಯನ್ನು ನೋಡಿದಳು. ಆಮೇಲೆ ಗಂಡನನ್ನು ನೋಡಿದಳು.

"ನಮ್ಮ ಎಮ್ಮಿ ಮಚ್ಚಿಗೆ ಕರೀ ಬಣ್ಣಾ ಹಚ್ಚ್ಯಾರಂತ ಈಗ ಆ ಮನಷ್ಯಾನ ಹೇಳಿದಾ, ಹೌದಿಲ್ಲೋ?"

"ಹೌದು."

"ಮತ್ತ ಇಕಿದೂ ಕರ್ರಗ ಐತಲ್ಲಾ? ಮೊದಲ ಕರೀದು ಹಚ್ಚ್ಯಾರ, ನೀವು ಗಲಾಟಿ ಮಾಡಿದ ಮ್ಯಾಲ ಅದರ ಮ್ಯಾಲ ಬಿಳೀದು ಬಡದ ಕಳಸ್ಯಾರ. ಇಕಿನ ನಮ್ಮ ಚಂದ್ರಿ!"

ಭಾವುಸಾಹೇಬರು ನಿಧಾನವಾಗಿ ತಲೆದೂಗಿದರು. "ಮಂಗಲವ್ವನ ಮಾತಿನಾಗ ತೂಕ ಐತಿ. ಶ್ರೇಣಿಕಾ, ಇಷ್ಟ ಹಾಲ ಕೊಡೂ ಎಮ್ಮಿ ಕೊಟ್ಟ, ಒದಿಯೂ ಎಮ್ಮಿ ತಗೋತೀನಿ ಅಂತೀಯಲ್ಲಾ. ಈ ಮೀಸ್ಯಾನ ಜೋಡಿ ಏನ ಮಾತಾಗೇತಿ ನಿಂದು?"

"ಕಾಕಾ! ಏನೂ ಮಾತಾಗಿಲ್ರಿ!"

"ಏನೂ ಆಗದಾಂವ ಯಾಕ ಇಷ್ಟ ಬೆವರ್ತಾನ?" ಎಂದು ಹಿಂದಿನಿಂದ ಯಾರೋ ಅಂದರು.

ಧೋಂಡಿಬಾ ರುಮಾಲು ತೆಗೆದು ಝಾಡಿಸಿದ. ತನ್ನ ಎಮ್ಮೆ ಕೊಡದಿದ್ದರೆ ಅಲ್ಲಿಂದ ಅಲುಗುವುದಿಲ್ಲವೆಂದ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಭಾವುಸಾಹೇಬರು ಕೈ ಎತ್ತಿ ತೀರ್ಪು ಕೊಟ್ಟರು. ಎರಡೂ ಎಮ್ಮೆ ಶ್ರೇಣಿಕನ ಕೊಟ್ಟಿಗೆಯಲ್ಲೇ ಇರಬೇಕು. ಹಳೇ ಕೂದಲು ಉದುರಿ ಹೊಸದು ಬಂದಾಗ ಯಾವುದರ ಹಣೆಯ ಮೇಲೆ ಬಿಳಿ ಕಾಣುತ್ತದೋ ಅದು ಚಂದ್ರಿ. ಅಲ್ಲಿಯವರೆಗೆ ಎರಡಕ್ಕೂ ಮೇವು ಶ್ರೇಣಿಕನದು.

"ನಾನೂ ಇಲ್ಲೇ ಇರ್ತೀನಿ," ಎಂದ ಧೋಂಡಿಬಾ. "ಹಗಲಾಗ ಬದಲಿ ಮಾಡಿದವ್ರು ಕತ್ತಲದಾಗ ಬಿಡತೀರೇನು?" ಕೊಟ್ಟಿಗೆಯ ಬಾಗಿಲಿಗೆ ಹೊರಸು ಎಳೆದು ಅದರ ಮೇಲೆ ಮೀಸೆಸಮೇತ ಕೂತ. ಅವನ ಮೂರು ಹೊತ್ತಿನ ಊಟವೂ ಶ್ರೇಣಿಕನದೇ ಎಂದು ಬೇರೆ ಹೇಳಬೇಕಾಗಲಿಲ್ಲ.

ಶ್ರೇಣಿಕ ಅವನಿಗೆ ಚಹಾ ತರಲು ಒಳಗೆ ಹೋದ. ಅವನು ಹೊರಬರುವಷ್ಟರಲ್ಲಿ ಭಾವುಸಾಹೇಬರು ನ್ಯಾಯ ಸ್ವಚ್ಛವಾಗಿರಲಿ ಎಂದು ಬಿಸಿನೀರು ತರಿಸಿ ಎರಡೂ ಎಮ್ಮೆಗಳ ಹಣೆ ತೊಳೆಸಿದ್ದರು. ಗೋದಲಿಯಲ್ಲಿ ಉಳಿದ ಮೇವನ್ನೂ ಗುಡಿಸಿಸಿದ್ದರು. ಇಬ್ಬರು ಮೂವರು ಸೇರಿ ಎಮ್ಮೆಗಳನ್ನು ಬಿಚ್ಚಿ, ದೀಪದ ಕೆಳಗೆ ತಿರುಗಿಸಿ ನೋಡಿ, ಮತ್ತೆ ಕಟ್ಟಿ ಹೋಗಿದ್ದರು. ಎರಡೂ ಪಕ್ಕಪಕ್ಕದಲ್ಲಿ ನಿಂತಿದ್ದವು. ಅದೇ ಕೋಡು, ಅದೇ ಕರಿ ಹಣೆ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ.

ಧೋಂಡಿಬಾ ಚಹಾ ಕೈಗೆ ತೆಗೆದುಕೊಳ್ಳಲಿಲ್ಲ. ಅವನ ಮುಖ ಬಿಳಿಚಿಕೊಂಡಿತ್ತು.

"ಪಾವಣ್ಯಾರ, ಗದ್ದಲದಾಗ ನನಗ ತಿಳೀಲಿಲ್ಲ. ಖರೆ ಹೇಳ್ರಿ, ಇದರಾಗ ನಿಮ್ಮ ಚಂದ್ರಿ ಯಾವುದು?"

ಶ್ರೇಣಿಕ ಎಡಗಡೆ ನೋಡಿದ. ಬಲಗಡೆ ನೋಡಿದ. ಇದೊಂದಾದರೂ ನೆಟ್ಟಗಾದೀತೆಂದು ಮೆಲ್ಲಗೆ ಕರೆದ.

"ಚಂದ್ರೀ..."

ಎರಡೂ ಎಮ್ಮೆಗಳು ಒಟ್ಟಿಗೇ ಹೊರಳಿ ನೋಡಿದವು.